ಪಡಸಾಲೆಯ ಮಾತು: ವಿದ್ಯಾರ್ಥಿಗಳ ಹೊಲಕ್ಕೆ ಬೇಸಿಗೆಯಲ್ಲಿ ನೀರೆರೆಯುವವರಾರು?

ಸಿರುಗುಪ್ಪದ ಕಡೆಯ ಸೋದರಿಯೊಬ್ಬರು ಬರೆದ ಕಾಗದವೊಂದು ಹೋದ ತಿಂಗಳು ನಮ್ಮ ಕೈಸೇರಿತು. ಹೆಸರನ್ನೂ ಊರನ್ನೂ ಪ್ರಕಟಿಸಕೂಡದೆಂದು ಅವರು ಕೇಳಿಕೊಂಡಿರುವುದರಿಂದ ಅವೆರಡನ್ನೂ ಬಿಟ್ಟು ವಿಷಯವನ್ನು ಮಾತ್ರ ವಾಚಕರ ಮುಂದಿಡುತ್ತೇವೆ.

ಅವರದು ಕಾಲುವೆಯ ಕೊನೆಯ ಭಾಗದಲ್ಲಿ ಆರು ಎಕರೆ ಗದ್ದೆಯುಳ್ಳ ಸಂಸಾರ. ಆ ಆರರಲ್ಲಿ ಒಂದು ಎಕರೆಗೆ ಸವಳು ಹತ್ತಿ, ಬೇಸಿಗೆಯಲ್ಲಿ ನೆಲದ ಮೇಲೆ ಉಪ್ಪು ಬೆಳ್ಳಗೆ ಕಾಣಿಸಿಕೊಳ್ಳುತ್ತದೆ. ಮನೆಯಲ್ಲಿ ಎರಡು ಎಮ್ಮೆಗಳಿವೆ, ಬ್ಯಾಂಕಿನ ಸಾಲವಿದೆ, ಗೊಬ್ಬರದ ಅಂಗಡಿಯ ಬಾಕಿಯಿದೆ. ಒಬ್ಬನೇ ಮಗನು ಕೃಷಿ ಪದವಿಯ ಕೊನೆಯ ವರ್ಷದಲ್ಲಿ ಓದುತ್ತಿದ್ದಾನೆ. ಅವನೂ ಅವನ ಸಂಗಡಿಗರು ಹನ್ನೊಂದು ಮಂದಿಯೂ ಸೇರಿ ಕಾಲೇಜಿನ ಆವರಣದಲ್ಲಿಯೇ ಒಂದು ಎಕರೆ ಹೊಲವನ್ನು ಸರ್ಕಾರಿ ಗೊಬ್ಬರವಿಲ್ಲದೆ, ಔಷಧಿಯ ಸಿಂಪಡಣೆಯಿಲ್ಲದೆ ಬೆಳೆಯುತ್ತಿದ್ದಾರೆ. ರಜೆಗೆ ಊರಿಗೆ ಬಂದವನು, ಪದವಿ ಕೈಗೆ ಬಂದೊಡನೆ ಮನೆಗೆ ಹಿಂದಿರುಗಿ ಆರು ಎಕರೆಯನ್ನೂ ಸಾವಯವಕ್ಕೆ ತಿರುಗಿಸುವುದಾಗಿ ತಂದೆಗೆ ಹೇಳಿದನಂತೆ. ಅಂದಿನಿಂದ ತಂದೆಗೂ ಮಗನಿಗೂ ಮಾತಿಲ್ಲ.

“ಸಾಲ ಮಾಡಿ ಕಾಲೇಜಿಗೆ ಕಳಿಸಿದ್ದು ಸಗಣಿ ಹೊರುವುದನ್ನು ಕಲಿಯಲಿಕ್ಕೆಯೆ? ಅದನ್ನು ನಮ್ಮ ಹಟ್ಟಿಯಲ್ಲಿಯೇ ಕಲಿಯಬಹುದಾಗಿತ್ತಲ್ಲ ಎಂದು ಯಜಮಾನರು ಕೇಳುತ್ತಾರೆ. ಹುಡುಗ ಮಾತ್ರ ನನ್ನೊಡನೆ ಬಹಳ ಹೇಳುತ್ತಾನೆ. ಅವನು ಹೇಳುವುದರಲ್ಲಿ ನಿಜವೆಷ್ಟು, ಹುಡುಗಾಟವೆಷ್ಟು, ನನಗೆ ತಿಳಿಯದು. ಉಣ್ಣುವ ಅನ್ನದ ಪ್ರಶ್ನೆಯಾದುದರಿಂದ ನಿಮ್ಮನ್ನು ಕೇಳುತ್ತಿದ್ದೇನೆ,” ಎಂದು ಆ ತಾಯಿ ಬರೆದಿದ್ದಾರೆ.

ಇಂಥ ಕಾಗದಕ್ಕೆ ಕುಳಿತಲ್ಲಿಂದಲೇ ಉತ್ತರ ಬರೆಯುವುದು ಸಾಧುವಲ್ಲವೆಂದು ತೋರಿ, ನಾವು ಆ ಹುಡುಗನನ್ನೂ ಅವನ ಹೊಲವನ್ನೂ ಕಂಡುಬಂದೆವು. ಆದರೆ ಅದಕ್ಕೆ ಮೊದಲು ನಮ್ಮದೇ ಒಂದು ಸೋಲಿನ ಕಥೆಯನ್ನು ಹೇಳಿಕೊಳ್ಳುವುದು ಅಗತ್ಯ. ಇಲ್ಲವಾದರೆ, ಈ ವಿಷಯದಲ್ಲಿ ಬುದ್ಧಿ ಹೇಳಲು ಇವರಿಗೇನು ಅಧಿಕಾರವೆಂದು ಯಾರಾದರೂ ಕೇಳಿಯಾರು.

ಕೆಲವು ವರ್ಷಗಳ ಹಿಂದೆ ನಮ್ಮ ಬಳ್ಳಾರಿಯಲ್ಲಿಯೇ ಒಂದು ವಿದ್ಯಾಸಂಸ್ಥೆಯವರು ತಮ್ಮ ಆವರಣದ ಹಿಂಭಾಗದಲ್ಲಿ ವಿದ್ಯಾರ್ಥಿಗಳಿಂದ ಸಾವಯವ ತೋಟವೊಂದನ್ನು ಮಾಡಿಸಬೇಕೆಂದು ನಿಶ್ಚಯಿಸಿ, ಸಲಹೆಗಾರರ ಮಂಡಲಿಯೊಂದನ್ನು ನೇಮಿಸಿದರು. ಅದರಲ್ಲಿ ನಾವೂ ಒಬ್ಬರು. ಸ್ಥಳವೆಲ್ಲ ಜಾಲಿಯ ಪೊದೆ. ಕನ್ನಡ ನಾಡಿನ ಉದ್ದಗಲಕ್ಕೂ ಆ ಮುಳ್ಳುಗಿಡಕ್ಕೆ ‘ಬಳ್ಳಾರಿ ಜಾಲಿ’ ಎಂದೇ ಹೆಸರು. ನಮ್ಮ ಊರಿನ ಹೆಸರು ಇಷ್ಟು ದೂರ ಹಬ್ಬಿದ್ದು ಇಂಥದೊಂದರಿಂದ ಎಂಬುದು ನಮ್ಮ ಭಾಗ್ಯ! ಇಪ್ಪತ್ತು ಮಂದಿ ಹುಡುಗರು ಹುಡುಗಿಯರು ಕೈಯೆಲ್ಲ ಗೀಚಿಸಿಕೊಂಡು ಅದನ್ನು ಬೇರುಸಹಿತ ಕಿತ್ತರು. ಅರ್ಧ ಎಕರೆ ನೆಲ ಹದವಾಯಿತು. ಕುರುಗೋಡಿನ ಕಡೆಯ ಹಿರಿಯ ರೈತರೊಬ್ಬರು ತಮ್ಮ ಎತ್ತುಗಳನ್ನೂ ಕೂರಿಗೆಯನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದು, ಒಂದು ಕಾಸನ್ನೂ ಮುಟ್ಟದೆ, ಸಜ್ಜೆಯನ್ನೂ ತೊಗರಿಯನ್ನೂ ಸಾಲುಬಿಟ್ಟು ಬಿತ್ತಿಕೊಟ್ಟರು. ಒಂದು ಬದಿಯಲ್ಲಿ ಪುಂಡಿ, ಮೆಂತ್ಯ, ರಾಜಗಿರಿ ಸೊಪ್ಪಿನ ಮಡಿಗಳಾದವು. ಎರಡು ಗೊಬ್ಬರದ ಗುಂಡಿಗಳಾದವು. ಆರಂಭದ ದಿನ ಭಾಷಣಗಳಾದವು, ಛಾಯಾಚಿತ್ರಗಳಾದವು; ನಾವೂ ಮಾತನಾಡಿದೆವು, ಸ್ವಲ್ಪ ದೀರ್ಘವಾಗಿಯೇ.

ಶ್ರಾವಣದಲ್ಲಿ ಹೊಲವು ಕಣ್ಣಿಗೆ ಹಬ್ಬವಾಗಿತ್ತು. ಸೊಪ್ಪನ್ನು ಕಟ್ಟುಕಟ್ಟಿ ಹುಡುಗಿಯರು ಬಾಗಿಲ ಬಳಿ ಮಾರಿದರು. ಅಧ್ಯಾಪಕರ ಮನೆಯವರೆಲ್ಲ ಕೊಂಡರು. ಕಾರ್ತಿಕ ಮಾಸದ ಹೊತ್ತಿಗೆ ಪರೀಕ್ಷೆಗಳು ಬಂದವು, ಹುಡುಗರು ಪುಸ್ತಕ ಹಿಡಿದರು, ಕಳೆ ಹೊಲವನ್ನು ಹಿಡಿಯಿತು. ಸಜ್ಜೆಯನ್ನು ಹಕ್ಕಿಗಳು ತಿಂದುವು. ತೊಗರಿ ಹೇಗೋ ಉಳಿದು ಒಂದು ಚೀಲ ಬಂದಿತು. ಏಪ್ರಿಲ್ ಕೊನೆಯಲ್ಲಿ ವಸತಿಗೃಹಗಳಿಗೆ ಬೀಗ ಬಿದ್ದಿತು. ಬಳ್ಳಾರಿಯ ಮೇ ತಿಂಗಳ ಬಿಸಿಲು ಎಂಥದೆಂದು ಇಲ್ಲಿ ವರ್ಣಿಸಬೇಕಾಗಿಲ್ಲ. ಗುಂಡಿಯ ಗೊಬ್ಬರ ಬೂದಿಯಂತೆ ಒಣಗಿತು, ಎರೆಹುಳುಗಳು ಸತ್ತುವು, ನುಗ್ಗೆಯ ಸಸಿಗಳೂ ಕರಿಬೇವಿನ ಸಸಿಗಳೂ ಕಡ್ಡಿಗಳಾದವು. ಜೂನಿನಲ್ಲಿ ಹೊಸ ವಿದ್ಯಾರ್ಥಿಗಳು ಬಂದಾಗ ಅಲ್ಲೊಂದು ಹೊಲವಿತ್ತೆಂದು ಹೇಳುವವರೇ ಇರಲಿಲ್ಲ. ಬಿತ್ತಿದ್ದವರಲ್ಲಿ ಅನೇಕರು ಪದವಿ ಮುಗಿಸಿ ಹೋಗಿದ್ದರು. ಮರುವರ್ಷ ಆ ಜಾಗದಲ್ಲಿ ಮೋಟಾರು ಸೈಕಲ್ಲುಗಳನ್ನು ನಿಲ್ಲಿಸುವ ತಗಡಿನ ಚಪ್ಪರವೆದ್ದಿತು.

ಆಡಳಿತದವರನ್ನು ದೂರಿಕೊಂಡು ನಾವು ಬಹಳ ದಿನ ಸಮಾಧಾನ ಪಟ್ಟುಕೊಂಡೆವು. ಬಳಿಕ ಒಂದು ವರ್ಷ ಕುರುಗೋಡಿನ ದೊಡ್ಡಬಸವೇಶ್ವರನ ತೇರಿಗೆ ಹೋಗಿದ್ದಾಗ ಗುಡಿಯ ಮುಂದೆ ಅದೇ ರೈತರು ಎದುರಾಗಿ, “ನಮ್ಮ ಹುಡುಗರ ಹೊಲ ಹೆಂಗೈತ್ರಿ?” ಎಂದು ಕೇಳಿಬಿಟ್ಟರು. ಇದ್ದುದನ್ನು ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬ್ಯಾಸಗ್ಯಾಗ ಯಾರ ಇರ್ತಾರ ಅಂತ ನೀವೂ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ ಬಿಡ್ರಿ,” ಎಂದರು. ತಪ್ಪಿನಲ್ಲಿ ತಮ್ಮದೂ ಒಂದು ಪಾಲನ್ನು ಅವರು ಎತ್ತಿಕೊಂಡುದು ಅವರ ದೊಡ್ಡತನ. ಆ ಪ್ರಶ್ನೆಯನ್ನು ಕೇಳಬೇಕಾಗಿದ್ದವರು ನಾವು. ಮಂಡಲಿಯಲ್ಲಿ ಹೆಸರಿದ್ದುದು ನಮ್ಮದು.

ವಿದ್ಯಾಲಯದೊಳಗಣ ಹೊಲದ ಕಷ್ಟವೆಲ್ಲ ಈ ಒಂದು ಗಂಟಿನಲ್ಲಿಯೇ ಇದೆಯೆಂದು ಈಗ ನಮಗೆ ಅನ್ನಿಸುತ್ತದೆ. ವಿದ್ಯಾಲಯದ ಪಂಚಾಂಗ ಬೇರೆ, ನೆಲದ ಪಂಚಾಂಗ ಬೇರೆ. ಹುಡುಗನು ಸೆಮಿಸ್ಟರುಗಳ ಲೆಕ್ಕದಲ್ಲಿ ಬದುಕುತ್ತಾನೆ. ನೆಲವು ಮಳೆಗಾಲಗಳ ಲೆಕ್ಕದಲ್ಲಿ. ನಮ್ಮ ದೇಶದ ಸಾವಯವ ಪ್ರಮಾಣಪತ್ರದ ನಿಯಮಗಳು 2001ರಿಂದ ಜಾರಿಯಲ್ಲಿವೆ. ಅವುಗಳ ಪ್ರಕಾರ ರಾಸಾಯನಿಕವನ್ನು ಬಿಟ್ಟ ಹೊಲವು ವರ್ಷದ ಬೆಳೆಗಳಿಗಾದರೆ ಬಿತ್ತನೆಗೆ ಮುಂಚೆ ಎರಡು ವರ್ಷ, ಹಣ್ಣಿನ ಗಿಡಗಳಿಗಾದರೆ ಫಲಕ್ಕೆ ಮುಂಚೆ ಮೂರು ವರ್ಷ ಕಾಯತಕ್ಕದ್ದು. ಕೊನೆಯ ವರ್ಷದ ವಿದ್ಯಾರ್ಥಿಯು ಇಂದು ಬಿಟ್ಟ ಯೂರಿಯದ ಫಲವನ್ನು ಕಾಣುವವನು ಈಗಿನ್ನೂ ಪಿ.ಯು.ಸಿ. ಓದುತ್ತಿರುವ ಮತ್ತೊಬ್ಬ ಹುಡುಗ. ತಾನು ಕಾಣದ ಫಲಕ್ಕಾಗಿ ದುಡಿಯೆಂದು ಇಪ್ಪತ್ತೊಂದು ವರ್ಷದವನಿಗೆ ಹೇಳುವುದು ಸುಲಭವಲ್ಲ.

ನೆಲದ ಪಂಚಾಂಗವನ್ನು ತಿಳಿಯಲು ಎಷ್ಟು ಕಾಲ ಬೇಕೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಎರಡು ಸಾಕ್ಷಿಗಳಿವೆ. ಬಳ್ಳಾರಿಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1906ರಲ್ಲಿ, ಹಗರಿಯಲ್ಲಿ ಕೃಷಿ ಸಂಶೋಧನಾ ಕೇಂದ್ರವು ಆರಂಭವಾಯಿತು. 1876ರಿಂದ 78ರ ವರೆಗಿನ ಬರಗಾಲವನ್ನು ಕಣ್ಣಾರೆ ಕಂಡ ಮುದುಕರು ಆಗಿನ್ನೂ ಇದ್ದರು. 1930ರ ದಶಕದಲ್ಲಿ ದೇಶದ ಐದು ಸ್ಥಳಗಳಲ್ಲಿ ಬೆದ್ದಲು ಬೇಸಾಯದ ಸಂಶೋಧನೆ ನಡೆದಾಗ ರೋಹ್ತಕ್, ಸೊಲ್ಲಾಪುರ, ಬಿಜಾಪುರ, ರಾಯಚೂರುಗಳ ಜೊತೆಗೆ ಹಗರಿಯೂ ಒಂದಾಗಿತ್ತು. ಎರೆನೆಲದಲ್ಲಿ ಬಿದ್ದ ಮಳೆಯನ್ನು ಒಡ್ಡುಕಟ್ಟಿ ನಿಲ್ಲಿಸುವುದು, ಸಾಲನ್ನು ಅಗಲಿಸಿ ಬಿತ್ತುವುದು, ಎಡೆಕುಂಟೆ ಹೊಡೆದು ಬಿರುಕು ಮುಚ್ಚುವುದು ಮೊದಲಾದ, ಇಂದು ನಮಗೆ ಸಾಮಾನ್ಯವಾಗಿ ತೋರುವ ಸಂಗತಿಗಳನ್ನು ಅಳೆದು ತೂಗಿ ನೋಡಲು ವರ್ಷಗಳೇ ಹಿಡಿದುವು. ಎರಡನೆಯದು ಸಿರುಗುಪ್ಪದ ಕೇಂದ್ರ. ತುಂಗಭದ್ರೆಗೆ ಅಣೆಕಟ್ಟು ಕಟ್ಟಿದರೆ ಈ ಕಪ್ಪು ನೆಲವು ನೀರನ್ನು ತಾಳೀತೆ ಎಂಬುದನ್ನು ಪರೀಕ್ಷಿಸಲೆಂದೇ ಅದನ್ನು 1937ರಲ್ಲಿ ತೆರೆದರು. ಅಣೆಕಟ್ಟೆಯ ನೀರು ಕಾಲುವೆಗೆ ಹರಿದದ್ದು 1953ರಲ್ಲಿ. ನೀರು ಬರುವುದಕ್ಕೆ ಹದಿನಾರು ವರ್ಷ ಮೊದಲೇ ನೆಲವನ್ನು ಕೇಳಿದರೆಂಬುದನ್ನು ಗಮನಿಸತಕ್ಕದ್ದು. ಈ ಎರಡು ಕೇಂದ್ರಗಳೂ ಇಂದು ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಆಶ್ರಯದಲ್ಲಿವೆ.

ಆದರೆ ನೆಲವನ್ನು ಕೇಳಿದವರ ಮಾತನ್ನು ನಾವೆಲ್ಲಿ ಕೇಳಿದೆವು? ಜೋಳ, ಹತ್ತಿಗಳಿಗೆ ಮಿತವಾಗಿ ನೀರುಣಿಸಲು ಯೋಜಿಸಿದ್ದ ಕಾಲುವೆಯ ಕೆಳಗೆ ವರ್ಷಕ್ಕೆ ಎರಡು ಸಲ ಬತ್ತ ಹಚ್ಚಿದೆವು. ಮೇಲಿನವರ ಗದ್ದೆ ತುಂಬಿತು, ಕೊನೆಯವರಿಗೆ ಸಾಲದಾಯಿತು, ನಡುನಡುವೆ ನೆಲ ಸವಳು–ಜವಳಾಯಿತು. ಕಾಗದ ಬರೆದ ಸೋದರಿಯ ಒಂದು ಎಕರೆಯ ಮೇಲಿನ ಬಿಳಿಯುಪ್ಪಿನ ಕಥೆ ಇದೇ. ಅದು ಯೂರಿಯದೊಂದರಿಂದಲೇ ಬಂದುದಲ್ಲ. ಆದುದರಿಂದ ಯೂರಿಯವನ್ನು ಬಿಟ್ಟಮಾತ್ರಕ್ಕೆ ಹೋಗತಕ್ಕದ್ದೂ ಅಲ್ಲ.

ಇನ್ನು ವಿದ್ಯಾರ್ಥಿಯು ಸಗಣಿ ಹೊರುವ ವಿಚಾರ. ಇದು ಇಂದಿನ ಹುಡುಗರ ಹೊಸ ಹುಚ್ಚೆಂದು ಯಜಮಾನರು ತಿಳಿದಿದ್ದರೆ ಅದು ಸರಿಯಲ್ಲ. ಅಮೆರಿಕದ ಟಸ್ಕೀಗಿಯಲ್ಲಿ ಬೂಕರ್ ವಾಷಿಂಗ್ಟನ್ನರು 1881ರಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಜನರ ಮಕ್ಕಳಿಗಾಗಿ ತೆರೆದ ಶಾಲೆಯಲ್ಲಿ ವಿದ್ಯಾರ್ಥಿಗಳೇ ಇಟ್ಟಿಗೆ ಸುಟ್ಟರು, ಹೊಲ ಉತ್ತರು. 1896ರಲ್ಲಿ ಅಲ್ಲಿಗೆ ಬಂದ ಜಾರ್ಜ್ ಕಾರ್ವರರು ಹತ್ತಿ ಬೆಳೆದು ಬೆಳೆದು ಸತ್ತ ನೆಲಕ್ಕೆ ಕಾಡಿನ ತರಗನ್ನೂ ಜವುಗಿನ ಕೆಸರನ್ನೂ ಹೊರಿಸಿ, ಅಲಸಂದೆ ಬಿತ್ತಿಸಿ, ಮತ್ತೆ ಜೀವ ತಂದರು. ಸರ್ ಆಲ್ಬರ್ಟ್ ಹೋವರ್ಡರು 1924ರಿಂದ 31ರ ವರೆಗೆ ನಮ್ಮ ದೇಶದ ಇಂದೂರಿನಲ್ಲಿದ್ದು, ರೈತರ ತಿಪ್ಪೆಯನ್ನೇ ಗುರುವಾಗಿಟ್ಟುಕೊಂಡು, ಕಸ, ಸಗಣಿ, ಗಂಜಲ ನೆನೆದ ಮಣ್ಣುಗಳನ್ನು ಪದರಪದರವಾಗಿ ಒಟ್ಟಿ, ಕಾಲಕಾಲಕ್ಕೆ ತಿರುವಿ, ಸುಮಾರು ಮೂರು ತಿಂಗಳಲ್ಲಿ ಗೊಬ್ಬರ ಮಾಡುವ ಕ್ರಮವನ್ನು ರೂಢಿಗೆ ತಂದರು. ‘ಇಂದೂರು ಪದ್ಧತಿ’ಯೆಂದು ಲೋಕವೆಲ್ಲ ಓದುವುದು ಅದನ್ನೇ. 1967ರಲ್ಲಿ ಕ್ಯಾಲಿಫೋರ್ನಿಯದ ಸಾಂತಾಕ್ರೂಸ್ ವಿಶ್ವವಿದ್ಯಾಲಯದ ಗುಡ್ಡದ ಇಳಿಜಾರಿನಲ್ಲಿ ಆಲನ್ ಚ್ಯಾಡ್ವಿಕ್ ಎಂಬ ತೋಟಗಾರರು ಒಬ್ಬರೇ ಗುದ್ದಲಿ ಹಿಡಿದು ಆರಂಭಿಸಿದ ವಿದ್ಯಾರ್ಥಿ ತೋಟವು ಇಂದಿಗೂ ನಡೆಯುತ್ತಿದೆ. ಅಷ್ಟು ಕಾಲ ಉಳಿದುಬಂದುದಕ್ಕೆ ಕಾರಣ ಅಲ್ಲಿ ಹೊಲದಲ್ಲಿಯೇ ನೆಲೆಸಿ ಕಲಿಯುವವರ ತಂಡವಿದ್ದುದು. ಬೇಸಿಗೆಯೆಂದು ಬೀಗ ಹಾಕಿಕೊಂಡು ಅವರು ಹೋಗುತ್ತಿರಲಿಲ್ಲ.

ನಮ್ಮ ಕೃಷಿ ವಿಶ್ವವಿದ್ಯಾಲಯಗಳಲ್ಲಿಯೂ ಇದಕ್ಕೆ ಪಠ್ಯಕ್ರಮದಲ್ಲಿಯೇ ಸ್ಥಾನ ದೊರೆತಿದೆ. ಬಿ.ಎಸ್ಸಿ. ಕೃಷಿಯ ಕೊನೆಯ ವರ್ಷದವರು ಹಳ್ಳಿಯಲ್ಲಿ ವಾಸವಾಗಿದ್ದು ರೈತರ ಜೊತೆ ಕಾರ್ಯಾನುಭವ ಪಡೆಯಬೇಕು. ಅದಲ್ಲದೆ ತಂಡವಾಗಿ ಏನನ್ನಾದರೂ ಬೆಳೆದು, ಮಾರಿ, ಲೆಕ್ಕವಿಟ್ಟು, ಬಂದ ಲಾಭದಲ್ಲಿ ಪಾಲು ಪಡೆಯುವ ‘ಅನುಭವಾತ್ಮಕ ಕಲಿಕೆ’ಯೆಂಬುದೂ ಉಂಟು. 2015ರಲ್ಲಿ ‘ಸ್ಟೂಡೆಂಟ್ ರೆಡಿ’ ಎಂಬ ಹೆಸರಿನಲ್ಲಿ ಇವೆಲ್ಲವನ್ನೂ ಒಂದುಗೂಡಿಸಿದರು. ಅಣಬೆ, ಎರೆಗೊಬ್ಬರ, ಬೀಜೋತ್ಪಾದನೆ, ಸಾವಯವ ಬೇಸಾಯ ಮುಂತಾದುವು ಈ ಬಗೆಯ ಕಲಿಕೆಗೆ ಆರಿಸಿಕೊಳ್ಳುವ ಕಸುಬುಗಳು. ಆ ತಾಯಿಯ ಮಗನು ಹೊರುವ ಸಗಣಿಗೆ ಅಂಕಗಳೂ ಉಂಟು ಎಂಬುದನ್ನು ಯಜಮಾನರು ಬಹುಶಃ ಅರಿಯರು.

ಆ ಹುಡುಗನ ಹೊಲಕ್ಕೆ ನಾವು ಹೋದುದು ಬೆಳಗಿನ ಏಳು ಗಂಟೆಗೆ. ಹುಡುಗನು ತೆಳ್ಳಗೆ, ತಾಯಿಯ ಅಕ್ಷರದ ಹಾಗೆಯೇ ಒಪ್ಪವಾಗಿದ್ದಾನೆ. “ಬರ್ರಿ ತಾತ, ಚಪ್ಪಲಿ ಬಿಡಬ್ಯಾಡ್ರಿ, ಮುಳ್ಳು ಅದಾವ,” ಎಂದು ಮುಂದೆ ನಡೆದನು. ಒಂದು ಎಕರೆಯನ್ನು ಆರು ಪಟ್ಟಿಗಳಾಗಿ ಮಾಡಿದ್ದಾರೆ. ಎರಡರಲ್ಲಿ ನವಣೆಯ ಕೂಳೆ, ಒಂದರಲ್ಲಿ ಕಡಲೆ, ಒಂದರಲ್ಲಿ ಸೊಪ್ಪುಗಳು, ಒಂದರಲ್ಲಿ ಬದನೆ, ಮೆಣಸಿನಕಾಯಿಗಳು. ಆರನೆಯದು ಅಪ್ಸೆಣಬನ್ನು ಬೆಳೆದು ಮಣ್ಣಿಗೆ ಮಗುಚಿದ ಪಟ್ಟಿ. ಸುತ್ತಲೂ ಗೊಬ್ಬರದ ಗಿಡದ ಬೇಲಿ. ಅದರ ಸೊಪ್ಪನ್ನು ತಿಂಗಳಿಗೊಮ್ಮೆ ಸವರಿ ಗುಂಡಿಗೆ ಹಾಕುತ್ತಾರೆ. ವಸತಿಗೃಹದ ಅಡುಗೆಮನೆಯಿಂದ ದಿನಕ್ಕೆ ನಾಲ್ಕು ಬುಟ್ಟಿ ತರಕಾರಿಯ ಸಿಪ್ಪೆ ಬರುತ್ತದೆ. ಹಸಿಯ ಒಂದು ಬುಟ್ಟಿಗೆ ಒಣ ಎಲೆಯ ಮೂರು ಬುಟ್ಟಿ ಹಾಕದಿದ್ದರೆ ನಾತ ಹಿಡಿಯುತ್ತದೆಂಬುದನ್ನು ಮೊದಲ ತಂಡದವರು ವಾರ್ಡನರ ಕೋಪದಿಂದ ಕಲಿತರಂತೆ.

ನಮ್ಮನ್ನು ಹೆಚ್ಚಾಗಿ ಹಿಡಿದದ್ದು ಹೊಲವಲ್ಲ, ಒಂದು ಪುಸ್ತಕ. ಉದ್ದನೆಯ ರಿಜಿಸ್ಟರು, ಮೇಲೆ ರಟ್ಟು ಹರಿದು ಬಟ್ಟೆ ಅಂಟಿಸಿದ್ದಾರೆ. ನಾಲ್ಕು ತಂಡಗಳ ಕೈಬರಹ ಅದರಲ್ಲಿದೆ. ಮಳೆ ಬಿದ್ದ ದಿನ, ಬಿತ್ತಿದ ದಿನ, ಗೊಬ್ಬರದ ಬುಟ್ಟಿಗಳ ಎಣಿಕೆ, ಮಾರಿದ ಕಟ್ಟುಗಳು ಎಲ್ಲವೂ ದಿನದಿನವೂ ದಾಖಲಾಗಿವೆ. ತಪ್ಪುಗಳನ್ನೂ ಮುಚ್ಚಿಟ್ಟಿಲ್ಲ. ಮೆಣಸಿನಕಾಯಿಯ ಪುಟವೊಂದರಲ್ಲಿ, ಬೇವಿನ ಬೀಜದ ಕಷಾಯವನ್ನು ಐದು ಸಲ ಹೊಡೆದರೂ ಹೂವೆಲ್ಲ ಉದುರಿತೆಂದೂ, ಗಿಡಗಳನ್ನು ಕಿತ್ತು ಸುಟ್ಟೆವೆಂದೂ, ಮುಂದಿನವರು ಮೆಣಸಿನಕಾಯಿಯನ್ನು ಎರಡು ಸಾಲಿಗಿಂತ ಹೆಚ್ಚು ಹಚ್ಚಬಾರದೆಂದೂ ಬರೆದಿದೆ. 2021–22ರ ಹಂಗಾಮಿನಲ್ಲಿ ಹೊಸ ಜಾತಿಯ ಥ್ರಿಪ್ಸ್ ನುಸಿಯು ಕರ್ನಾಟಕ, ಆಂಧ್ರ, ತೆಲಂಗಾಣಗಳ ಮೆಣಸಿನಕಾಯಿಯನ್ನು ಹಾಳುಮಾಡಿದ್ದನ್ನು ಬಲ್ಲ ನಮ್ಮ ಕುರುಗೋಡಿನ ಕಡೆಯ ರೈತರು ಆ ಪುಟವನ್ನು ಓದಿದರೆ ಹುಡುಗರನ್ನು ನಗಲಾರರು. ಔಷಧಿ ಹೊಡೆದವರ ಗಿಡಗಳೂ ಆ ವರ್ಷ ಹಾಗೆಯೇ ಹೋದವು.

“ಬೇಸಿಗೆಯಲ್ಲಿ ಯಾರಿರುತ್ತೀರಿ?” ಎಂದು ಕೇಳಿದೆವು. ಹುಡುಗನು ಪುಸ್ತಕದ ಕೊನೆಯ ಹಾಳೆಯನ್ನು ತಿರುವಿದನು. ಏಪ್ರಿಲ್ 20ರಿಂದ ಜೂನ್ 15ರ ವರೆಗೆ ಪ್ರತಿ ವಾರದ ಮುಂದೆ ಇಬ್ಬಿಬ್ಬರ ಹೆಸರಿದೆ. ನಿಯಮದಂತೆ ಅವರಿಗೆ ಒಂದು ಸೆಮಿಸ್ಟರಿನ ಕೆಲಸ ಸಾಕು. ಆದರೆ ಇವರು ಎರಡನೆಯ ವರ್ಷದಲ್ಲಿಯೇ ಹಿರಿಯರ ಕೈಕೆಳಗೆ ಸೇರಿಕೊಳ್ಳುತ್ತಾರೆ. ಹೊಲವನ್ನು ಒಪ್ಪಿಸಿಕೊಡುವುದು ಜೂನಿನಲ್ಲಲ್ಲ, ಸಂಕ್ರಾಂತಿಯ ಮರುದಿನ. ಹಿರಿಯರು ಪರೀಕ್ಷೆಗೆ ಕೂರುವ ಮೊದಲು ಕಿರಿಯರಿಗೆ ಮೂರು ತಿಂಗಳ ಅಭ್ಯಾಸವಾಗಿರುತ್ತದೆ. ಲಾಭದಲ್ಲಿ ಮೊದಲ ಪಾಲನ್ನು ತೋಟದ ಕಾವಲಿನ ದಂಪತಿಗಳ ಬೇಸಿಗೆಯ ಕೂಲಿಗೆ ತೆಗೆದಿಟ್ಟು, ಉಳಿದುದನ್ನು ಹಂಚಿಕೊಳ್ಳುತ್ತಾರೆ. ಹೋದ ವರ್ಷ ತಲೆಗೆ ಬಂದದ್ದು ಒಂದು ಜೊತೆ ಬಟ್ಟೆಗೂ ಸಾಲದಷ್ಟು. ಅದನ್ನು ಹುಡುಗನು ನಾಚದೆ ಹೇಳಿದನು.

ಜೀವಾಮೃತದ ಡ್ರಮ್ಮನ್ನೂ ತೋರಿಸಿದನು. 10 ಕಿಲೋ ಸಗಣಿ, 5ರಿಂದ 10 ಲೀಟರು ಗಂಜಲ, ಬೆಲ್ಲ 2 ಕಿಲೋ, ದ್ವಿದಳ ಧಾನ್ಯದ ಹಿಟ್ಟು 2 ಕಿಲೋ, ಬದುವಿನ ಹಿಡಿ ಮಣ್ಣು, 200 ಲೀಟರು ನೀರು; ಇದು ಎಕರೆಗೆ ಒಂದು ಸಲದ ಪ್ರಮಾಣ. ಇದನ್ನು ಸುರಿದರೆ ಬೇರೇನೂ ಬೇಡವೆಂದು ಹೇಳುವವರಿದ್ದಾರೆ. ಹತ್ತು ಕಿಲೋ ಸಗಣಿಯಲ್ಲಿ ಎಕರೆ ಬತ್ತದ ಹೊಟ್ಟೆ ತುಂಬುವಷ್ಟು ಸಾರವಿರುವುದಾದರೆ ನಮ್ಮ ಅಜ್ಜಂದಿರು ಗಾಡಿಗಟ್ಟಲೆ ತಿಪ್ಪೆಯನ್ನೇಕೆ ಹೊರುತ್ತಿದ್ದರೊ! ಹುಡುಗನನ್ನೇ ಕೇಳಿದೆವು. “ಅದು ಹೆಪ್ಪು ಇದ್ದಂಗ ತಾತ. ಹಾಲಿಲ್ಲದ ಪಾತ್ರಿಗೆ ಹೆಪ್ಪು ಹಾಕಿದ್ರ ಮೊಸರು ಎಲ್ಲಿಂದ ಬರಬೇಕು?” ಎಂದನು. ಇಷ್ಟು ತಿಳಿದವನು ಆರು ಎಕರೆಯ ಮಾತನ್ನು ಹೇಗೆ ಆಡಿದನೆಂದು ಆಶ್ಚರ್ಯವಾಯಿತು. ಆಗ ಅವನ ಪುಸ್ತಕದ ಹಿಂಬದಿಯ ಖಾಲಿ ಹಾಳೆಯ ಮೇಲೆಯೇ ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಮನೆವಾರ್ತೆಯನ್ನು ನಡೆಸುವವರಿಗೆಲ್ಲ ಉಪಯೋಗವಾಗುವುದರಿಂದ ಆ ಲೆಕ್ಕವನ್ನಿಲ್ಲಿ ಕೊಡುತ್ತೇವೆ.

ತುಂಗಭದ್ರೆಯ ಕಾಲುವೆಯ ಕೆಳಗೆ ಬತ್ತಕ್ಕೆ ಹೆಕ್ಟೇರಿಗೆ 150 ಕಿಲೋ ಸಾರಜನಕವನ್ನು ಶಿಫಾರಸು ಮಾಡುತ್ತಾರೆ. ಎಂದರೆ ಎಕರೆಗೆ 60 ಕಿಲೋ. ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕವು ನೂರಕ್ಕೆ ಅರ್ಧ ಪಾಲು. ಆದ್ದರಿಂದ 60 ಕಿಲೋಗೆ 12 ಟನ್ನು ಗೊಬ್ಬರ ಬೇಕು. ಟ್ರ್ಯಾಕ್ಟರಿನ ನಾಲ್ಕೈದು ಟ್ರೈಲರು. ಒಂದು ದನವು ದಿನಕ್ಕೆ ಹಾಕುವ ಸಗಣಿ ಸುಮಾರು 10 ಕಿಲೋ. ವರ್ಷದ ಸಗಣಿಯೂ ಕಸವೂ ಕೊಳೆತು ಇಳಿದರೆ ಹೆಚ್ಚೆಂದರೆ 2 ಟನ್ನು. ಹಾಗಾದರೆ ಎಕರೆಗೆ ಆರು ದನ! ಬತ್ತಕ್ಕೆ ಮೊದಲು ಡಯಂಚವನ್ನು ಬಿತ್ತಿ, ಏಳು ವಾರಗಳಿಗೆ ಹೂಬಿಡುವ ಮುಂಚೆ ಮಣ್ಣಿಗೆ ಮಗುಚಿದರೆ ಎಕರೆಗೆ ಸುಮಾರು 25 ಕಿಲೋ ಸಾರಜನಕವು ಅದರಿಂದಲೇ ದೊರೆಯುತ್ತದೆ. ಆಗ ನಾಲ್ಕು ದನ ಸಾಕು. ಅದರಲ್ಲಿಯೂ ಕೊಟ್ಟಿಗೆ ಗೊಬ್ಬರದ ಸಾರವು ಮೊದಲ ಬೆಳೆಗೆ ಮೂರರಲ್ಲೊಂದು ಪಾಲಿನಷ್ಟೇ ದಕ್ಕಿ, ಮಿಕ್ಕದ್ದು ನಿಧಾನವಾಗಿ ಬಿಟ್ಟುಕೊಡುತ್ತದೆ. ಆರು ಎಕರೆಗೆ ಇಪ್ಪತ್ತನಾಲ್ಕು ದನಗಳು. ಅವರ ಮನೆಯಲ್ಲಿರುವುದು ಎರಡು ಎಮ್ಮೆ.

ಹುಡುಗನು ಪೆನ್ನನ್ನು ಕೆಳಗಿಟ್ಟು ಬಹಳ ಹೊತ್ತು ಕಡಲೆಯ ಸಾಲುಗಳನ್ನು ನೋಡುತ್ತಿದ್ದನು.

ಕಾಲೇಜಿನ ಎಕರೆಗೆ ಐನೂರು ಜನರ ಅಡುಗೆಮನೆಯ ಸಿಪ್ಪೆ ಬರುತ್ತದೆ, ಆವರಣದ ಮರಗಳ ಎಲೆ ಬರುತ್ತದೆ, ಹೈನು ವಿಭಾಗದ ಸಗಣಿ ಬರುತ್ತದೆ, ಹನ್ನೆರಡು ಜನರ ಕೂಲಿಯಿಲ್ಲದ ದುಡಿಮೆ ಸಿಕ್ಕುತ್ತದೆ. ಇವು ಯಾವುವೂ ಸಿರುಗುಪ್ಪದ ಗದ್ದೆಗೆ ಅವನ ಹಿಂದೆ ಬಸ್ಸು ಹತ್ತಿ ಬರುವುದಿಲ್ಲ. ವಿದ್ಯಾರ್ಥಿಗಳ ಹೊಲವನ್ನು ಹೊಗಳುವವರು ಇದನ್ನು ಹೇಳುವುದನ್ನು ಮರೆಯುತ್ತಾರೆ; ನಾವೂ ಅಂದಿನ ದೀರ್ಘ ಭಾಷಣದಲ್ಲಿ ಮರೆತಿದ್ದೆವು.

ಇಳುವರಿಯ ವಿಷಯವನ್ನೂ ಮರೆಮಾಡಬಾರದು. ಲೋಕದ ನಾನಾ ಕಡೆಯ ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ಒಂದು, 2014ರಲ್ಲಿ ಮತ್ತೊಂದು ಅಧ್ಯಯನ ಪ್ರಕಟವಾದವು. ಸಾವಯವದಲ್ಲಿ ಸರಾಸರಿ ಇಳುವರಿಯು ಮೊದಲನೆಯದರ ಪ್ರಕಾರ ಶೇಕಡ 25ರಷ್ಟೂ ಎರಡನೆಯದರ ಪ್ರಕಾರ ಶೇಕಡ 19ರಷ್ಟೂ ಕಡಮೆ. ದ್ವಿದಳ ಬೆಳೆಗಳಲ್ಲಿ, ಬೆಳೆಯನ್ನು ಬದಲಾಯಿಸುತ್ತ ಹೋಗುವ ಹೊಲಗಳಲ್ಲಿ ಆ ಅಂತರವು ಕಿರಿದು. ಒಮ್ಮೆಗೇ ಎಲ್ಲವನ್ನೂ ತಿರುಗಿಸಿದರೆ ಏನಾಗುವುದೆಂಬುದಕ್ಕೆ ಶ್ರೀಲಂಕೆಯು ದೃಷ್ಟಾಂತವಾಯಿತು. 2021ರ ಬೇಸಿಗೆಯಲ್ಲಿ ಅಲ್ಲಿನ ಸರಕಾರವು ರಾಸಾಯನಿಕ ಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿತು; ನವೆಂಬರಿನಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡಿತು; ಅಷ್ಟರೊಳಗೆ ಬತ್ತದ ಬೆಳೆ ಕುಸಿದು, ಅಕ್ಕಿಯನ್ನು ಹೊರಗಿನಿಂದ ತರಿಸಬೇಕಾಯಿತು. ತಪ್ಪು ಗೊಬ್ಬರದ ಗುಂಡಿಯದಲ್ಲ, ಅವಸರದ್ದು.

ಈಗ ಸೋದರಿಗೆ ನಮ್ಮ ಉತ್ತರ. ಅಮ್ಮಾ, ನಿಮ್ಮ ಯಜಮಾನರು ಆರು ಎಕರೆಯ ವಿಷಯದಲ್ಲಿ ಹೇಳಿದ್ದು ಸರಿ. ಸಗಣಿಯ ವಿಷಯದಲ್ಲಿ ಹೇಳಿದ್ದು ಸರಿಯಲ್ಲ. ನಿಮ್ಮ ಮಗನು ಸಗಣಿ ಹೊರುವುದನ್ನು ಕಲಿತಿಲ್ಲ; ಒಂದು ಹೊಲಕ್ಕೆ ಏನು ಹೋಯಿತು, ಅದರಿಂದ ಏನು ಬಂದಿತು ಎಂಬುದನ್ನು ಬರೆದಿಡಲು ಕಲಿತಿದ್ದಾನೆ. ನಿಮ್ಮ ಮನೆಯಲ್ಲಿ ಇಪ್ಪತ್ತು ವರ್ಷಗಳಿಂದ ಬತ್ತ ಬೆಳೆದಿದ್ದೀರಿ. ಒಂದು ಎಕರೆಗೆ ಖರ್ಚೆಷ್ಟು, ಉಳಿದದ್ದೆಷ್ಟು ಎಂಬ ಒಂದು ಪುಟದ ಲೆಕ್ಕವಿದೆಯೆ? ಗೊಬ್ಬರದ ಅಂಗಡಿಯವರ ಪುಸ್ತಕದಲ್ಲಿ ಮಾತ್ರವೇ ಇರಬೇಕು.

ನಿಮ್ಮ ಎರಡು ಎಮ್ಮೆಗಳು ಅರ್ಧ ಎಕರೆಯನ್ನು ಸಾಕಬಲ್ಲುವು. ಅಷ್ಟನ್ನು ಹುಡುಗನಿಗೆ ಮೂರು ವರ್ಷ ಬಿಟ್ಟುಕೊಡಿ, ನಡುವೆ ಕೇಳಬೇಡಿ. ಮನೆಗೆ ಹತ್ತಿರವಾದ, ಮೇಲಿನವರ ಗದ್ದೆಯ ನೀರು ನೇರವಾಗಿ ನುಗ್ಗದ ತುಂಡನ್ನು ಕೊಡಿ. ಪಕ್ಕದ ಗದ್ದೆಯ ಔಷಧಿ ಹರಿದುಬರುವ ನೆಲದಲ್ಲಿ ಸಾವಯವವೆಂಬ ಮಾತೇ ಇಲ್ಲ. ಅದರಲ್ಲಿ ಮೊದಲ ವರ್ಷ ಬತ್ತ ಬೇಡ. ನವಣೆ, ಹೆಸರು, ಮನೆಗೆ ಬೇಕಾದ ಸೊಪ್ಪು ತರಕಾರಿಗಳಾಗಲಿ. ಇಳುವರಿ ಕಡಮೆಯಾದರೂ ಒಲೆಯ ಮೇಲಿನ ಪಾತ್ರೆ ಬರಿದಾಗದು, ಮಕ್ಕಳ ಹೊಟ್ಟೆಗೆ ಹೋಗುವ ಪಲ್ಯದ ಮೇಲೆ ಏನು ಹೊಡೆದಿದ್ದಾರೆಂಬ ಚಿಂತೆಯೂ ತಪ್ಪುವುದು. ಉಳಿದ ಗದ್ದೆಯಲ್ಲಿ ಯಜಮಾನರ ರೂಢಿಯೇ ನಡೆಯಲಿ. ಡಯಂಚವೊಂದನ್ನು ಮಾತ್ರ ಅಲ್ಲಿಯೂ ಸೇರಿಸಿಕೊಂಡರೆ ಯೂರಿಯದ ಚೀಲಗಳಲ್ಲಿ ಕೆಲವು ಉಳಿಯುತ್ತವೆ. ಇದರಲ್ಲಿ ತಂದೆ ಮಗ ಇಬ್ಬರೂ ಗೆದ್ದಂತಾಯಿತು. ಬೀಜ ಹಾಕಲು ಒಂದೆರಡು ಮಳೆಯಾದರೂ ಸಾಕು, ಕಾಲುವೆಯ ನೀರಿಗೇ ಕಾಯಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದ ಮೇಲೆ ಕಾಲುವೆಯ ನೀರಿನ ಭರವಸೆ ಎಷ್ಟು ತೆಳ್ಳಗಿನದೆಂದು ನಿಮಗೇ ಗೊತ್ತಿದೆ.

ಸವಳಿನ ಎಕರೆಯನ್ನು ಹುಡುಗನ ತಲೆಗೆ ಕಟ್ಟಬೇಡಿರಿ. ಹಾಳಾದ ನೆಲವನ್ನು ಕೊಟ್ಟು ‘ಅದರಲ್ಲಿ ಮಾಡಿ ತೋರಿಸು’ ಎನ್ನುವುದು ಮನೆಮನೆಗಳಲ್ಲಿ ಹಿರಿಯರು ಆಡುವ ಹಳೆಯ ಆಟ. ಅದರ ಮಣ್ಣನ್ನು ಮೊದಲು ಪರೀಕ್ಷೆ ಮಾಡಿಸಿ. ಸಿರುಗುಪ್ಪದ ಸಂಶೋಧನಾ ಕೇಂದ್ರವು ನಿಮ್ಮ ಹತ್ತಿರವೇ ಇದೆ. ಬರಿಯ ಉಪ್ಪಾದರೆ ಬಸಿಗಾಲುವೆ ತೋಡಿ ಒಳ್ಳೆಯ ನೀರಿನಿಂದ ತೊಳೆಯಬೇಕು. ಕ್ಷಾರವಾದರೆ ಜಿಪ್ಸಮ್ ಬೇಕಾದೀತು. ಡಯಂಚವು ಸವಳನ್ನು ತಕ್ಕಮಟ್ಟಿಗೆ ತಾಳುತ್ತದೆ. ಆದರೆ ನೀರು ಬಸಿದುಹೋಗಲು ದಾರಿಯಿಲ್ಲದೆ ಯಾವ ಗೊಬ್ಬರವೂ ಅಲ್ಲಿ ಫಲಿಸದು. ದಾರಿಗೆ ಪಕ್ಕದವರ ಒಪ್ಪಿಗೆಯೂ ಬೇಕಾದುದರಿಂದ ಅದು ಯಜಮಾನರು ಮಾತನಾಡತಕ್ಕ ಕೆಲಸ, ಮಗನದಲ್ಲ.

ಪ್ರಮಾಣಪತ್ರ, ಹೆಚ್ಚಿನ ಬೆಲೆ, ಬೆಂಗಳೂರಿನ ಅಂಗಡಿ ಇವುಗಳ ಮಾತು ಸದ್ಯಕ್ಕೆ ಬೇಡ. ಸಣ್ಣ ಹಿಡುವಳಿದಾರರು ಗುಂಪಾಗಿ ಒಬ್ಬರ ಹೊಲವನ್ನೊಬ್ಬರು ನೋಡಿ ಸಾಕ್ಷಿ ಹೇಳುವ ಅಗ್ಗದ ಕ್ರಮವೊಂದಿದೆ. ನೆರೆಯವರು ನಾಲ್ವರು ಒಪ್ಪಿದಾಗ ಅದನ್ನು ಯೋಚಿಸಬಹುದು. ಹುಡುಗನು ನೌಕರಿಯ ಪರೀಕ್ಷೆಗೂ ಕೂರಲಿ. ಅರ್ಧ ಎಕರೆಗೆ ದಿನವಿಡೀ ಒಬ್ಬ ಪದವೀಧರನು ಬೇಕಾಗಿಲ್ಲ.

ಇದನ್ನು ಅಚ್ಚಿಗೆ ಕೊಡುವ ಮೊದಲು ಸೋದರಿಗೆ ಖಾಸಗಿಯಾಗಿ ಕಳುಹಿಸಿದ್ದೆವು. ಅವರ ಮರುಕಾಗದ ಮೊನ್ನೆ ಬಂದಿತು. ಹುಡುಗನು ಆ ಲೆಕ್ಕದ ಹಾಳೆಯನ್ನು ಹರಿದುಕೊಂಡು ಊರಿಗೆ ಹೋಗಿದ್ದನಂತೆ. ತಂದೆಯವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, ಎಮ್ಮೆಗಳು ದಿನಕ್ಕೆ ಹತ್ತಲ್ಲ, ಹದಿನೈದು ಕಿಲೋಗೆ ಕಡಮೆಯಿಲ್ಲವೆಂದು ಮಗನೊಡನೆ ವಾದಕ್ಕಿಳಿದರಂತೆ. ಮೂರು ತಿಂಗಳಲ್ಲಿ ಅದೇ ಮೊದಲ ಮಾತು. ಹಿತ್ತಲ ಬದಿಯ ಅರ್ಧ ಎಕರೆಯನ್ನು ಅಳೆದಿದ್ದಾರೆ; ಮೂರು ವರ್ಷವೋ ಎರಡೋ ಎಂಬುದಿನ್ನೂ ಇತ್ಯರ್ಥವಾಗಿಲ್ಲ. ಮಗನು ಪರೀಕ್ಷೆಗೆ ಹಿಂದಿರುಗಬೇಕಾದುದರಿಂದ ಈ ಬೇಸಿಗೆಯಲ್ಲಿ ಹೊಸ ಗುಂಡಿಗೆ ನೀರು ಚಿಮುಕಿಸುವ ಕೆಲಸವನ್ನು ತಾವೇ ವಹಿಸಿಕೊಂಡಿರುವುದಾಗಿಯೂ, ವಾರಕ್ಕೆಷ್ಟು ಕೊಡವೆಂದು ತಿಳಿಸಬೇಕಾಗಿಯೂ ಆ ತಾಯಿ ಕೇಳಿದ್ದಾರೆ. ಒಂದು ಹಿಡಿ ಗೊಬ್ಬರವನ್ನು ಅಂಗೈಯಲ್ಲಿ ಹಿಂಡಿ ನೋಡಿದಾಗ ಬೆರಳ ಸಂದಿಯಲ್ಲಿ ಒಂದೆರಡು ಹನಿ ಒಸರಬೇಕು, ಧಾರೆಯಾಗಬಾರದು; ಅಷ್ಟಾಗುವ ವರೆಗೆ ಎರೆಯಿರಿ, ಮೇಲೆ ಬತ್ತದ ಹುಲ್ಲು ಹೊದಿಸಿರಿ ಎಂದು ಬರೆದಿದ್ದೇವೆ.